ಹಳೆಯ ಯುದ್ಧವಿಮಾನವನ್ನು ನೆಲಕ್ಕಿಳಿಸುವ ಬಗೆ

ನಮ್ಮ ಹಾಸನೂರಿನಿಂದ ಸತ್ಯಮಂಗಲಕ್ಕೆ ಹೋಗಿಬಂದವರಿಗೆಲ್ಲ ದಿಂಬಂ ಘಾಟಿಯ 27 ತಿರುವುಗಳ ಪರಿಚಯವುಂಟು. ಭಾರ ಹೊತ್ತ ಲಾರಿ ಆ ಘಾಟಿಯನ್ನು ಏರುವಾಗ ಏದುಸಿರು ಬಿಡುವುದು ನಿಜ. ಆದರೆ ಅನುಭವಿಯಾದ ಚಾಲಕನನ್ನು ಕೇಳಿರಿ. ಏರುವುದಕ್ಕಿಂತ ಇಳಿಯುವುದೇ ಹೆಚ್ಚು ಎಚ್ಚರದ ಕೆಲಸವೆಂದು ಹೇಳುತ್ತಾನೆ. ಎತ್ತರದಲ್ಲಿ ಕೂಡಿಬಂದ ಶಕ್ತಿಯನ್ನು ಇಳಿಯುವಾಗ ಅಳತೆಯಿಂದ ವ್ಯಯಮಾಡಬೇಕು. ವಿಮಾನದ ವಿಷಯವೂ ಹೀಗೆಯೇ ಎಂಬುದನ್ನು ನಾನು ಓದಿ ತಿಳಿದಿದ್ದೆನಾದರೂ ಅದರ ಮರ್ಮ ಮನಸ್ಸಿಗೆ ಹತ್ತಿದ್ದು ಕಳೆದ ಬೇಸಗೆಯ ರಜೆಯಲ್ಲಿ, ನಮ್ಮ ವಿದ್ಯಾರ್ಥಿಯೊಬ್ಬನ ಗಣಕಯಂತ್ರದ ಮುಂದೆ.

ಆ ಹುಡುಗನ ತಂದೆ ಲಾರಿ ಚಾಲಕರು. ಮಗನು ರಜೆಯೆಲ್ಲ ವಿಮಾನಯುದ್ಧದ ಆಟದಲ್ಲಿಯೇ ಕಳೆಯುತ್ತಿದ್ದಾನೆ, ನೀವಾದರೂ ಬುದ್ಧಿ ಹೇಳಬೇಕು ಎಂದು ಕೇಳಿಕೊಂಡರು. ಬುದ್ಧಿ ಹೇಳಲು ಹೋದ ನಾನು ಅವನು ಕೈಗಿತ್ತ ಹಿಡಿಕೋಲನ್ನು ಹಿಡಿದು ಕುಳಿತೆ. ಪರದೆಯ ಮೇಲಿದ್ದುದು 1936ರಲ್ಲಿ ಮೊದಲು ಹಾರಿದ ಇಂಗ್ಲೆಂಡಿನ ಸ್ಪಿಟ್‌ಫೈರ್ ಯುದ್ಧವಿಮಾನ. ಅದನ್ನು ಹೇಗೋ ಮೇಲಕ್ಕೇರಿಸಿದೆ. ಇಳಿಸಹೋದಾಗ ಹನ್ನೊಂದು ಸಲ ಒಡೆದು ಚೂರಾಯಿತು. ಹನ್ನೆರಡನೆಯ ಸಲ ಒಂದು ರೆಕ್ಕೆ ಮಾತ್ರ ಮುರಿಯಿತು. ಹುಡುಗನು ಅದನ್ನೇ ಪ್ರಗತಿಯೆಂದು ಕರೆದನು.

ಇಂತಹ ಅನುಕರಣ ಯಂತ್ರಗಳಿಗೆ ಸಿಮ್ಯುಲೇಟರ್ ಎಂದು ಹೆಸರು. ಇವುಗಳ ಪೂರ್ವಜ ಹುಟ್ಟಿದ್ದು ಒಂದು ವಾದ್ಯದ ಕಾರ್ಖಾನೆಯಲ್ಲಿ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನ ತಂದೆ ಆರ್ಗನ್ ವಾದ್ಯಗಳನ್ನು ತಯಾರಿಸುತ್ತಿದ್ದರು. ನಮ್ಮ ಹಾರ್ಮೋನಿಯಮ್ಮಿನಲ್ಲಿರುವಂತೆಯೇ ಅದರಲ್ಲಿಯೂ ಗಾಳಿಯ ತಿದಿಗಳಿರುತ್ತವೆ. ಮಗನು 1929ರ ಸುಮಾರಿಗೆ ಆ ತಿದಿಗಳ ಮೇಲೆ ಪುಟ್ಟ ವಿಮಾನದ ಡಬ್ಬಿಯೊಂದನ್ನು ಕೂರಿಸಿ, ಅದು ಓಲಾಡುವಂತೆ, ತಿರುಗುವಂತೆ ಮಾಡಿದನು. ಮೊದಲು ಅದನ್ನು ಕೊಂಡವರು ಹೆಚ್ಚಾಗಿ ಜಾತ್ರೆ ವಿನೋದಗಳನ್ನು ನಡೆಸುವವರು! 1934ರಲ್ಲಿ ಅಮೆರಿಕದ ಸೈನ್ಯದ ವೈಮಾನಿಕರು ಅಂಚೆ ಸಾಗಿಸಹೋಗಿ, ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಅಪಘಾತಗಳಲ್ಲಿ ಮಡಿದರು. ಸೈನ್ಯವು ಲಿಂಕನ ಯಂತ್ರಗಳನ್ನು ಕೊಂಡದ್ದು ಅದಾದ ಮೇಲೆ. ಆದರೆ ಮುಚ್ಚಳ ಹಾಕಿದ ಆ ಡಬ್ಬಿಯಿಂದ ಹೊರಗಿನ ನೆಲ ಕಾಣುತ್ತಿರಲಿಲ್ಲ. ಉಪಕರಣಗಳನ್ನು ನೋಡಿ ಹಾರುವುದನ್ನು ಅದು ಕಲಿಸಿತೇ ಹೊರತು ಕಣ್ಣಳತೆಯಿಂದ ಇಳಿಯುವುದನ್ನು ಕಲಿಸಲಿಲ್ಲ. ಗಣಕಯಂತ್ರಗಳು ನೆಲದ ಚಿತ್ರವನ್ನು ಕ್ಷಣಕ್ಷಣಕ್ಕೂ ಬರೆಯಬಲ್ಲವಾದ ಮೇಲೆ, 2001ರಲ್ಲಿ ಬಂದ ಐಎಲ್-2 ಸ್ಟುರ್ಮೊವಿಕ್‌ನಂತಹ ಆಟಗಳಲ್ಲಿ, ಹಳೆಯ ವಿಮಾನಗಳ ನಡೆನುಡಿ ಮನೆಯ ಮೇಜಿನ ಮೇಲೆಯೇ ದೊರೆಯಿತು.

ಇಂದಿನ ಪ್ರಯಾಣಿಕರ ವಿಮಾನಕ್ಕೆ ಮೂತಿಯ ಕೆಳಗೊಂದು ಚಕ್ರವುಂಟು. ಅಂದಿನ ಯುದ್ಧವಿಮಾನಗಳಲ್ಲಿ ಬಹುಪಾಲಿಗೆ ರೆಕ್ಕೆಗಳ ಕೆಳಗೆ ಎರಡು ದೊಡ್ಡ ಚಕ್ರ, ಬಾಲದ ಕೆಳಗೆ ಒಂದು ಪುಟ್ಟ ಚಕ್ರ. ತೊಡಕೆಲ್ಲ ಇಲ್ಲಿಂದಲೇ ಆರಂಭ. ವಿಮಾನದ ಗುರುತ್ವಕೇಂದ್ರವು ದೊಡ್ಡ ಚಕ್ರಗಳಿಗಿಂತ ಹಿಂದೆ ಬೀಳುತ್ತದೆ. ಎತ್ತುಗಳು ಎಳೆಯುವ ಗಾಡಿ ಅವುಗಳ ಹಿಂದೆ ತಾನಾಗಿ ನೇರ ಬರುವುದು. ಅದೇ ಗಾಡಿಯನ್ನು ಮೂಕಿ ಹಿಡಿದು ಹಿಂದಕ್ಕೆ ತಳ್ಳಿ ನೋಡಿರಿ, ಒಂದಿಷ್ಟು ಓರೆಯಾಯಿತೆಂದರೆ ಆ ಓರೆಯೇ ಬೆಳೆದು ಗಾಡಿ ಅಡ್ಡ ತಿರುಗುತ್ತದೆ. ಬಾಲಚಕ್ರದ ವಿಮಾನವೂ ನೆಲದ ಮೇಲೆ ಓಡುವಾಗ ಹೀಗೆಯೇ ಗಿರಕಿ ಹೊಡೆಯಲು ಹವಣಿಸುತ್ತಿರುತ್ತದೆ. ಚಕ್ರಗಳು ನೆಲ ಮುಟ್ಟಿದೊಡನೆ ಕೆಲಸ ಮುಗಿಯಿತೆಂದು ನಾನು ಕಾಲು ಸಡಿಲಿಸಿದ್ದೇ ನನ್ನ ಮೊದಲ ತಪ್ಪು. ಅದು ನಿಲ್ಲುವವರೆಗೂ ಚುಕ್ಕಾಣಿಯ ಪೆಡಲುಗಳ ಮೇಲೆ ಕಾಲು ಆಡುತ್ತಲೇ ಇರಬೇಕು.

ಎರಡನೆಯ ತೊಡಕು ಕುಪ್ಪಳಿಸುವುದು. ವೇಗ ಉಳಿದಿರುವಾಗಲೇ ದೊಡ್ಡ ಚಕ್ರಗಳನ್ನು ನೆಲಕ್ಕೆ ಬಡಿದರೆ, ಹಿಂದಿನ ಭಾರದಿಂದ ಬಾಲ ಕುಸಿಯುತ್ತದೆ; ರೆಕ್ಕೆಯ ಮುಂದಂಚು ಮೇಲೇಳುತ್ತದೆ; ಗಾಳಿ ಅದನ್ನು ಮತ್ತೆ ಎತ್ತುತ್ತದೆ. ವಿಮಾನವು ಕಪ್ಪೆಯಂತೆ ಹಾರಿ, ಮೇಲೆ ಹೋದಲ್ಲಿ ವೇಗವಿಲ್ಲದೆ, ಕಲ್ಲಿನಂತೆ ಬೀಳುತ್ತದೆ. ಗಾಬರಿಯಿಂದ ಎಂಜಿನ್ನಿಗೆ ಒಮ್ಮೆಗೇ ಪೂರ್ತಿ ಶಕ್ತಿ ಕೊಟ್ಟರೆ ಇನ್ನೂ ಕೇಡು: ಪ್ರೊಪೆಲ್ಲರ್ ಒಂದು ಕಡೆಗೆ ತಿರುಗುವಾಗ ವಿಮಾನ ಮತ್ತೊಂದು ಕಡೆಗೆ ಮಗುಚಲೆತ್ನಿಸುತ್ತದೆ. ನನ್ನ ಹನ್ನೊಂದರಲ್ಲಿ ನಾಲ್ಕು ಈ ಜಾತಿಯವು.

ಹಾಗಾದರೆ ಇಳಿಸುವುದೆಂತು? ಸ್ಪಿಟ್‌ಫೈರಿನ ಮೂತಿ ಉದ್ದ. ನೇರವಾಗಿ ಬಂದರೆ ರನ್‌ವೇಯೇ ಮರೆಯಾಗುತ್ತದೆ. ಆದುದರಿಂದ ವೈಮಾನಿಕರು ಬಾಗುದಾರಿಯಲ್ಲಿ ತಿರುಗುತ್ತ, ಮೂತಿಯ ಪಕ್ಕದಿಂದ ನೆಲವನ್ನು ನೋಡುತ್ತ ಬಂದು, ಕಡೆಯ ಗಳಿಗೆಯಲ್ಲಿ ಮಾತ್ರ ನೇರವಾಗುತ್ತಿದ್ದರು. ಗಂಟೆಗೆ 160 ಮೈಲಿಗಿಂತ ಕೆಳಗೆ ಬಂದ ಮೇಲೆಯೇ ಚಕ್ರಗಳನ್ನೂ ರೆಕ್ಕೆಯ ಫ್ಲಾಪುಗಳನ್ನೂ ಇಳಿಸಬೇಕು. ನೆಲ ಸಮೀಪಿಸುವಾಗ ಸುಮಾರು 90 ಮೈಲಿ, ಅಂದರೆ 145 ಕಿಲೋಮೀಟರ್ ವೇಗ. ಇನ್ನು ಕೆಲವೇ ಅಡಿ ಎತ್ತರವಿರುವಾಗ ಎಂಜಿನ್ನಿನ ಶಕ್ತಿಯನ್ನು ಕಡಿಮೆ ಮಾಡಿ, ಹಿಡಿಕೋಲನ್ನು ಮೆಲ್ಲಮೆಲ್ಲನೆ ಹಿಂದಕ್ಕೆಳೆಯಬೇಕು. ವೇಗ ಇಳಿದಷ್ಟೂ ರೆಕ್ಕೆಯನ್ನು ಹೆಚ್ಚು ಓರೆ ಮಾಡಿದರೆ ಮಾತ್ರ ಗಾಳಿ ವಿಮಾನವನ್ನು ಹೊರುತ್ತದೆ. ಆ ಓರೆ ಒಂದು ಮಿತಿಯನ್ನು ದಾಟಿದೊಡನೆ ಗಾಳಿಯ ಹರಿವು ರೆಕ್ಕೆಯಿಂದ ಕಳಚಿಕೊಳ್ಳುತ್ತದೆ. ಆ ಕ್ಷಣಕ್ಕೆ ಚಕ್ರಗಳು ನೆಲದಿಂದ ಗೇಣಿನಷ್ಟೇ ಮೇಲಿರಬೇಕು. ಇದರ ಸ್ವಾರಸ್ಯವನ್ನು ಗಮನಿಸಿರಿ: ವಿಮಾನವನ್ನು ನಾವು ಇಳಿಸುವುದಿಲ್ಲ, ಇಳಿಯದಂತೆ ತಡೆಯುತ್ತೇವೆ, ಹಾರುವ ಶಕ್ತಿ ತೀರಿದಾಗ ಅದು ತಾನೇ ಮೂರು ಚಕ್ರಗಳ ಮೇಲೂ ಒಮ್ಮೆಗೇ ಕುಳಿತುಕೊಳ್ಳುತ್ತದೆ.

ಸ್ಪಿಟ್‌ಫೈರಿನ ಕಾಲುಗಳು ಒಂದಕ್ಕೊಂದು ಸಮೀಪ. ಜರ್ಮನಿಯ ಮೆಸ್ಸರ್‌ಸ್ಮಿಟ್ 109ರದೂ ಹಾಗೆಯೇ. ಈ ಕಾರಣಕ್ಕೆ ಅದು ಏರುವಾಗ ಇಳಿಯುವಾಗ ಅನೇಕ ಅಪಘಾತಗಳಿಗೀಡಾಯಿತು. ಬರ್ಮಾ ರಣರಂಗದಲ್ಲಿ ನಮ್ಮ ದೇಶದ ವೈಮಾನಿಕರು ಹಾರಿಸಿದ ಹರಿಕೇನಿನ ಕಾಲುಗಳು ಅಗಲ, ಆದುದರಿಂದ ಅದು ಕಲಿಯುವವನ ತಪ್ಪನ್ನು ಹೆಚ್ಚು ಕ್ಷಮಿಸುತ್ತಿತ್ತು. 1939ರಲ್ಲಿ ಮೊದಲು ಹಾರಿದ ಜರ್ಮನಿಯ ಫೋಕ್-ವುಲ್ಫ್ 190 ಕೂಡ ಅಗಲಗಾಲಿನದೇ. ಅದರ ವಿನ್ಯಾಸಕಾರ ಕುರ್ಟ್ ಟಾಂಕ್ ಸ್ವತಃ ವಿಮಾನ ಹಾರಿಸಬಲ್ಲವರು. ಒರಟು ನೆಲದಲ್ಲಿ, ಅವಸರದಲ್ಲಿ ಕಲಿತವರ ಕೈಯಲ್ಲಿ ತನ್ನ ವಿಮಾನ ಉಳಿಯಬೇಕೆಂದು ಯೋಚಿಸಿದವರು. ಹುಡುಗನ ಮೆಚ್ಚಿನ ವಿಮಾನ ಇದು. ಇದನ್ನು ರಚಿಸಿದಾತನೇ 1956ರಲ್ಲಿ ಬೆಂಗಳೂರಿಗೆ ಬಂದು, 1961ರ ಜೂನ್ 17ರಂದು ಮೊದಲು ಹಾರಿದ ನಮ್ಮ ಮಾರುತ್ ಯುದ್ಧವಿಮಾನವನ್ನು ರೂಪಿಸಿದನೆಂದು ನಾನು ಹೇಳಿದಾಗ ಅವನು ಆಟವನ್ನೇ ನಿಲ್ಲಿಸಿ ಕೇಳಿದನು.

ಪೋಷಕರಿಗೂ ಒಂದು ಮಾತು ಹೇಳಬೇಕು. ಗುಂಡು ಹಾರಿಸುವ ಭಾಗ ನನಗೆ ಹಿಡಿಸಲಿಲ್ಲ. ಶತ್ರುಗಳನ್ನು ಉರುಳಿಸಿ ಬಂದವನು ಇಳಿಯುವಾಗ ವಿಮಾನವನ್ನು ಒಡೆದರೂ ಹುಡುಗರು ಅವನನ್ನು ಗೆದ್ದವನೆಂದೇ ಎಣಿಸುತ್ತಾರೆ. ನಿಜವಾದ ಯುದ್ಧದಲ್ಲಿ ಹಾಗೆ ಒಡೆದವರೆಷ್ಟೋ ಮಂದಿ ಮನೆಗೆ ಮರಳಲಿಲ್ಲ. ಕುರ್ಚಿಯ ಮೇಲೆ ಕುಳಿತವನಿಗೆ ವಿಮಾನದ ಕುಸಿತ ಮೈಗೆ ತಿಳಿಯದು, ಭಯವೂ ಇರದು. ಚಪ್ಪಟೆ ಪರದೆಯಲ್ಲಿ ನೆಲದ ದೂರವೂ ಸರಿಯಾಗಿ ತೋರದು. ಆದರೆ ಆ ಹುಡುಗನ ನೋಟುಪುಸ್ತಕವನ್ನು ನೋಡಿದೆ. ಪ್ರತಿಯೊಂದು ಇಳಿತದ ವೇಗ, ಎತ್ತರ, ತಪ್ಪಿದ್ದೆಲ್ಲಿ ಎಂಬುದನ್ನು ಸಾಲಾಗಿ ಬರೆದಿಟ್ಟಿದ್ದನು. ಅವನ ವಿಜ್ಞಾನದ ನೋಟುಪುಸ್ತಕ ಅಷ್ಟು ಅಚ್ಚುಕಟ್ಟಾಗಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ದಿನಕ್ಕೊಂದು ಗಂಟೆ, ಅದರಲ್ಲಿ ಅರ್ಧ ಇಳಿಸುವುದಕ್ಕೇ ಎಂದು ಮೂವರೂ ಒಪ್ಪಿದೆವು.

ಒಪ್ಪಂದದ ದಿನ ತಂದೆಯವರೂ ಹಿಡಿಕೋಲು ಹಿಡಿದರು. ಮೂರು ಸಲ ಮುರಿದರು. ನಾಲ್ಕನೆಯ ಸಲ ರನ್‌ವೇ ಬಿಟ್ಟು ಪಕ್ಕದ ಹುಲ್ಲಿನಲ್ಲಿ, ವಿಮಾನವನ್ನು ಇಡಿಯಾಗಿ ನಿಲ್ಲಿಸಿದರು. ವೇಗವನ್ನು ಮುಂಚೆಯೇ ಕಳೆದುಕೊಂಡು ಬರಬೇಕು, ನೀವು ಕೆಳಗೆ ಬಂದ ಮೇಲೆ ಕಳೆಯಲು ನೋಡುತ್ತೀರಿ ಎಂದು ನನಗೇ ಹೇಳಿದರು.

ಮುಂದಿನ ಪ್ರವಾಸದಲ್ಲಿ ಬೆಂಗಳೂರಿನ ಎಚ್.ಎ.ಎಲ್. ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯುವ ಯೋಚನೆಯಿದೆ. ಡಾ. ಘಾಟಗೆಯವರು ವಿನ್ಯಾಸಗೊಳಿಸಿ 1951ರಲ್ಲಿ ಮೊದಲು ಹಾರಿದ ಎಚ್.ಟಿ.-2 ತರಬೇತಿ ವಿಮಾನವೂ ಮಾರುತ್ ವಿಮಾನವೂ ಅಲ್ಲಿವೆ. ಮೊದಲನೆಯದಕ್ಕೆ ಬಾಲದಲ್ಲಿ ಚಕ್ರ, ಎರಡನೆಯದಕ್ಕೆ ಮೂತಿಯಲ್ಲಿ. ಅಳತೆಪಟ್ಟಿಯನ್ನು ಹುಡುಗನೇ ತರುವನಂತೆ.