ಮೋಡೆಮ್ ಹೊಸದು, ತಂತಿ ಹಳೆಯದು

ಮಲೆನಾಡಿನ ಒಂದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನ್‌ಮನ್ ಆಗಿದ್ದವನು ನಾನು. ಬ್ರಾಡ್‌ಬ್ಯಾಂಡ್ ಬಂದ ಮೇಲೆ ಹೋದಲ್ಲೆಲ್ಲ ಜನ ಕೇಳುತ್ತಿದ್ದದ್ದು ಒಂದೇ: "ಹೊಸ ಮೋಡೆಮ್ ತಂದ್ರೆ ಸ್ಪೀಡ್ ಜಾಸ್ತಿ ಆಗುತ್ತಾ?" ನನ್ನ ಮರುಪ್ರಶ್ನೆಯೂ ಒಂದೇ: "ಎಕ್ಸ್‌ಚೇಂಜಿನಿಂದ ನಿಮ್ಮನೆ ಎಷ್ಟು ದೂರ?"

ಫೋನಿನ ಮಾತಿಗೆ ತಾಮ್ರದ ಜೋಡಿ ತಂತಿಯಲ್ಲಿ ಸುಮಾರು 4 ಕಿಲೋಹರ್ಟ್ಸ್‌ವರೆಗಿನ ಜಾಗ ಸಾಕು. ಅದರ ಮೇಲಿನ ಖಾಲಿ ಜಾಗದಲ್ಲಿ ಇಂಟರ್ನೆಟ್ ಕಳಿಸುವುದೇ ಡಿಎಸ್‌ಎಲ್. 1999ರ ಎಡಿಎಸ್‌ಎಲ್ ಮಾನಕದ ಹಳೆಯ ಮೋಡೆಮ್‌ಗಳು 1.1 ಮೆಗಾಹರ್ಟ್ಸ್‌ವರೆಗಿನ ಜಾಗವನ್ನು 256 ಪಟ್ಟಿಗಳಾಗಿ ಸೀಳಿ, ಸೆಕೆಂಡಿಗೆ ಸುಮಾರು 8 ಮೆಗಾಬಿಟ್‌ವರೆಗೆ ಮನೆಗೆ ತರುತ್ತಿದ್ದವು. 2003ರ ಎಡಿಎಸ್‌ಎಲ್2+ ಬಂದಾಗ ಜಾಗ 2.2 ಮೆಗಾಹರ್ಟ್ಸ್ ಆಯಿತು, ಪಟ್ಟಿಗಳು 512 ಆದವು, ವೇಗದ ಮಿತಿ 24 ಮೆಗಾಬಿಟ್‌ಗೆ ಏರಿತು. ಮೋಡೆಮ್ ಹಾಕಿದಾಗ ಡಿಎಸ್‌ಎಲ್ ದೀಪ ಮಿಣುಕುತ್ತದಲ್ಲ, ಆಗ ಅದು ಒಂದೊಂದೇ ಪಟ್ಟಿಯನ್ನು ಪರೀಕ್ಷಿಸಿ, ಯಾವುದರ ಮೇಲೆ ಎಷ್ಟು ಹೊರೆ ಹೊರಿಸಬಹುದೆಂದು ಎಕ್ಸ್‌ಚೇಂಜಿನ ಯಂತ್ರದ ಜೊತೆ ಗೊತ್ತು ಮಾಡಿಕೊಳ್ಳುತ್ತಿರುತ್ತದೆ.

ತಂತಿ ಉದ್ದವಾದಷ್ಟೂ ಮೇಲಿನ ಪಟ್ಟಿಗಳೇ ಮೊದಲು ಸೊರಗುತ್ತವೆ. ಹೊಸ ಮೋಡೆಮ್‌ಗೆ ಹೆಚ್ಚುವರಿಯಾಗಿ ಸಿಕ್ಕಿದ್ದೂ ಆ ಮೇಲಿನ ಪಟ್ಟಿಗಳೇ. ಪೇಟೆಯಲ್ಲಿ ಎಕ್ಸ್‌ಚೇಂಜಿನ ಪಕ್ಕದ ಔಷಧಿ ಅಂಗಡಿಯವರಿಗೆ ಎಡಿಎಸ್‌ಎಲ್2+ ಮೋಡೆಮ್ ಹಾಕಿಕೊಟ್ಟಾಗ ಲೈನಿನ ವೇಗ ಎರಡು ಪಟ್ಟು ದಾಟಿತು. ನಾಲ್ಕು ಕಿಲೋಮೀಟರ್ ಆಚೆ ತೋಟದ ಮನೆಯ ನಿವೃತ್ತ ಮೇಷ್ಟ್ರು ಅದೇ ಮೋಡೆಮ್ ತಂದರು. ವೇಗ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

2006ರ ವಿಡಿಎಸ್‌ಎಲ್2ಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅದು 17, ಕೆಲವೆಡೆ 30 ಮೆಗಾಹರ್ಟ್ಸ್‌ವರೆಗೆ ಏರುತ್ತದೆ. ಆದರೆ ಅದರ ನಿಜವಾದ ಓಟ ಕೆಲವು ನೂರು ಮೀಟರ್ ತಂತಿಯಲ್ಲಿ ಮಾತ್ರ. ಬ್ರಿಟನ್, ಜರ್ಮನಿಗಳಲ್ಲಿ ಬೀದಿಯ ಪೆಟ್ಟಿಗೆಯವರೆಗೆ ಫೈಬರ್ ತಂದು, ಅಲ್ಲಿಂದ ಮನೆಗೆ ತಾಮ್ರ ಬಿಟ್ಟದ್ದು ಇದಕ್ಕಾಗಿಯೇ.

ಹಾಗೆಂದು ಹೊಸ ಮೋಡೆಮ್ ವ್ಯರ್ಥವಲ್ಲ. ಹಳೆಯವುಗಳಲ್ಲಿ ಬಹಳಷ್ಟಕ್ಕೆ ಒಂದೇ ಲ್ಯಾನ್ ಕಿಂಡಿ, ವೈಫೈ ಇಲ್ಲ. ಹೊಸದರಲ್ಲಿ ನಾಲ್ಕು ಕಿಂಡಿ, ವೈಫೈ ಎರಡೂ ಉಂಟು. ಮನೆಯಲ್ಲಿ ನಾಲ್ಕು ಮೊಬೈಲ್ ಇದ್ದರೆ ಅಷ್ಟಕ್ಕೇ ಕೊಂಡರೂ ತಪ್ಪಿಲ್ಲ.

ಆದರೆ ಕೊಳ್ಳುವ ಮೊದಲು ಮೋಡೆಮ್‌ನ ಸೆಟ್ಟಿಂಗ್ ಪುಟ ತೆರೆದು ಎರಡು ಅಂಕಿ ನೋಡಿ. 'ಅಟೆನ್ಯುಯೇಶನ್' ಎಂದರೆ ದಾರಿಯಲ್ಲಿ ಸೋರಿದ ಶಕ್ತಿ. 20 ಡೆಸಿಬೆಲ್ ಒಳಗಿದ್ದರೆ ಹೊಸ ಮೋಡೆಮ್‌ನಿಂದ ಲಾಭವುಂಟು, 50 ದಾಟಿದರೆ ವೇಗದ ಆಸೆ ಬೇಡ. 'ಎಸ್‌ಎನ್‌ಆರ್ ಮಾರ್ಜಿನ್' ಎಂದರೆ ಗದ್ದಲ ತಡೆದುಕೊಳ್ಳಲು ಲೈನಿನಲ್ಲಿ ಉಳಿದಿರುವ ಮೀಸಲು. ಅದು 6 ಡೆಸಿಬೆಲ್‌ಗಿಂತ ಕೆಳಗಿಳಿದರೆ ಲೈನ್ ಪದೇಪದೇ ಕಡಿಯಬಹುದು.

ಮೇಷ್ಟ್ರ ಮನೆಯಲ್ಲಿ ಮಾರ್ಜಿನ್ ಮಳೆ ಬಂದಾಗಲೆಲ್ಲ ಕುಸಿಯುತ್ತಿತ್ತು. ತಂತಿ ಹಿಡಿದು ನಡೆದೆ. ಹಲಸಿನ ಮರದ ಬುಡದ ಕಂಬದಲ್ಲಿ ಒಂದು ಜಾಯಿಂಟ್ ಹಸಿರುಗಟ್ಟಿತ್ತು. ಕತ್ತರಿಸಿ, ತಾಮ್ರ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಹೆಣೆದು ಟೇಪ್ ಸುತ್ತಿದೆ. ಅಂದು ಸಂಜೆಯ ಮಳೆಗೆ ದೀಪ ಮಿಣುಕಲಿಲ್ಲ. ಮೇಷ್ಟ್ರು ಹಳೆಯ ಮೋಡೆಮ್ ತಂದು ಹಾಕಿ ನೋಡಿದರು. ಅದರಲ್ಲೂ ದೀಪ ನಿಂತೇ ಉರಿಯಿತು.