ಕಾರಿಲ್ಲದವರ ನೀಲಗಿರಿ

ದ್ವೀಪವೆಂದರೇನೆಂದು ಭೂಗೋಳದ ತರಗತಿಯಲ್ಲಿ ಕೇಳಿದರೆ, ಸುತ್ತಲೂ ನೀರಿನಿಂದ ಆವೃತವಾದ ಭೂಭಾಗವೆಂದು ನಮ್ಮ ಬಾಲಕ ಬಾಲಕಿಯರು ತಡವರಿಸದೆ ಉತ್ತರ ಹೇಳುತ್ತಾರೆ. ಉತ್ತರವು ಸರಿಯಾದುದೇ. ಆದರೆ ಜೀವಶಾಸ್ತ್ರಜ್ಞರು ಇನ್ನೊಂದು ಬಗೆಯ ದ್ವೀಪವನ್ನೂ ಗುರುತಿಸಿದ್ದಾರೆ. ಸುತ್ತಲೂ ಬಿಸಿಲ ಬಯಲು ಹಬ್ಬಿ, ನಡುವೆ ತಂಪಾದ ಎತ್ತರದ ಮಲೆಯೊಂದು ನಿಂತಿದ್ದರೆ, ಆ ತಂಪಿನಲ್ಲಿ ಮಾತ್ರ ಬಾಳಬಲ್ಲ ಗಿಡಮರಗಳಿಗೂ ಪ್ರಾಣಿಪಕ್ಷಿಗಳಿಗೂ ಬಯಲೇ ಕಡಲು, ಮಲೆಯೇ ದ್ವೀಪ. ಇಂಥದನ್ನು ಅವರು ಆಕಾಶದ್ವೀಪವೆಂದು ಕರೆಯುತ್ತಾರೆ. ಮಳೆ ನಿಂತು ಆಕಾಶವು ತಿಳಿಯಾದ ಬೆಳಗಿನಲ್ಲಿ ನಮ್ಮ ಕೊಯಮತ್ತೂರು ಸೀಮೆಯಿಂದ ನೀಲಿಯಾಗಿ ತೋರುವ ನೀಲಗಿರಿಯು ಅಂಥ ದ್ವೀಪಗಳಲ್ಲೊಂದು.

ನಮ್ಮ ಪೋತ್ತನೂರು ಇರುವುದು ಪಾಲಕ್ಕಾಡು ಕಣಿವೆಯ ಪೂರ್ವದ ಬಾಯಿಯ ಬಳಿ. ಸುಮಾರು 30 ಕಿಲೋಮೀಟರು ಅಗಲವಾದ ಈ ಕಣಿವೆಯು ಪಶ್ಚಿಮ ಘಟ್ಟಗಳ ಸಾಲನ್ನು ಎರಡಾಗಿ ಸೀಳಿದೆ; ಉತ್ತರಕ್ಕೆ ನೀಲಗಿರಿ, ದಕ್ಷಿಣಕ್ಕೆ ಆನೆಮಲೆ. ನೀಲಗಿರಿಯ ಶೋಲಾ ಕಾಡುಗಳಲ್ಲಿ ನಗುವಂತೆ ಕೂಗುವ ಒಂದು ಸಣ್ಣ ಹಕ್ಕಿಯುಂಟು. ಅದು ಕಣಿವೆಯನ್ನು ದಾಟಿ ಆನೆಮಲೆಗೆ ಹೋಗಲಾರದು; ಅಲ್ಲಿರುವುದು ಅದರ ದಾಯಾದಿಯಾದ ಬೇರೊಂದು ಜಾತಿ. ನಾವು ದಿನವೂ ಓಡಾಡುವ ಈ ಬಯಲು ಆ ಹಕ್ಕಿಗೆ ದಾಟಲಾಗದ ಸಮುದ್ರವಾಗಿದೆ.

ಇಷ್ಟು ಸಮೀಪದ ದ್ವೀಪವನ್ನು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಕಾಲಿನಿಂದ ನಡೆದು ನೋಡಿದ್ದಾರೆ? ಬೆಟ್ಟದ ಪ್ರವಾಸವೆಂದೊಡನೆ ಬಾಡಿಗೆಯ ಕಾರು, ವ್ಯಾನು, ಅದರ ಖರ್ಚು ಇವೇ ತಂದೆತಾಯಂದಿರ ಕಣ್ಣಮುಂದೆ ಬರುತ್ತವೆ. ಅಷ್ಟು ಹಣವನ್ನು ಹೊಂದಿಸಲಾರದ ಮನೆಯಲ್ಲಿ, ಬೆಟ್ಟವು ಕಾರುಳ್ಳವರಿಗೆ ಸೇರಿದ್ದೆಂಬ ಭಾವನೆ ಮಗುವಿನ ಮನಸ್ಸಿನಲ್ಲಿ ತಾನೇ ಬೇರೂರುತ್ತದೆ. ಈ ಭಾವನೆಗೆ ಆಧಾರವಿಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ. ಬೆಟ್ಟವನ್ನು ನಡೆದು ನೋಡಬೇಕೆನ್ನುವವನಿಗೆ ರೈಲು ಬಸ್ಸುಗಳೇ ಕಾರಿಗಿಂತ ಹೆಚ್ಚು ಅನುಕೂಲವೆಂಬುದು ನಮ್ಮ ಅಭಿಪ್ರಾಯ.

ಕಾರಣವು ಸರಳವಾದುದು. ಕಾರನ್ನು ಒಂದು ಕಡೆ ನಿಲ್ಲಿಸಿ ನಡೆಯತೊಡಗಿದವನು ಮತ್ತೆ ಆ ಕಾರಿನ ಬಳಿಗೇ ಹಿಂದಿರುಗಬೇಕು. ಎಷ್ಟು ದೂರ ಹೋದರೂ ಅವನ ನಡಿಗೆಯು ಗೂಟಕ್ಕೆ ಕಟ್ಟಿದ ಹಸುವಿನ ನಡಿಗೆಯಂತೆ. ಬಸ್ಸಿನಲ್ಲಿ ಬಂದವನಾದರೋ ಒಂದು ಊರಿನಲ್ಲಿ ಇಳಿದು, ಬೆಟ್ಟದ ಓರೆಯಲ್ಲಿ ನಡೆದು, ಇನ್ನೊಂದು ಊರಿನಲ್ಲಿ ಬೇರೆ ಬಸ್ಸು ಹತ್ತಬಹುದು. ಬೇಕಾದರೆ ಎತ್ತರದವರೆಗೆ ವಾಹನದಲ್ಲಿ ಏರಿ, ಇಳಿಜಾರನ್ನು ಮಾತ್ರ ನಡೆಯಬಹುದು. ಅಟ್ಲಾಂಟಿಕ್ ಸಾಗರದಲ್ಲಿ ಪೋರ್ಚುಗಲ್ ದೇಶಕ್ಕೆ ಸೇರಿದ ಮದೀರಾ ಎಂಬ ಮಲೆನಾಡಿನಂಥ ದ್ವೀಪವಿದೆ. ಅಲ್ಲಿ ಹೊಲಗಳಿಗೆ ನೀರೊಯ್ಯಲು ಬೆಟ್ಟದ ಪಕ್ಕೆಯಲ್ಲಿ ತೋಡಿದ ಹಳೆಯ ಕಾಲುವೆಗಳ ಅಂಚಿನಲ್ಲೇ ಕಾಲುದಾರಿಗಳಿವೆ. ದೇಶದೇಶಗಳಿಂದ ಬಂದವರು ಒಂದು ಹಳ್ಳಿಗೆ ಬಸ್ಸಿನಲ್ಲಿ ಹೋಗಿ, ಕಾಲುವೆಯ ಜೊತೆಯಲ್ಲಿ ನಡೆದು, ಇನ್ನೊಂದು ಹಳ್ಳಿಯಿಂದ ಬಸ್ಸಿನಲ್ಲಿ ಹಿಂದಿರುಗುತ್ತಾರೆ. ಆ ದ್ವೀಪದ ಅತ್ಯುನ್ನತ ಶಿಖರದ ಎತ್ತರ 1862 ಮೀಟರು; ನಮ್ಮ ದೊಡ್ಡಬೆಟ್ಟದ ಎತ್ತರ 2637 ಮೀಟರು. ಅಲ್ಲಿ ಸಾಧ್ಯವಾದುದು ಇಲ್ಲಿ ಏಕೆ ಸಾಧ್ಯವಾಗಬಾರದು?

ಇನ್ನು ದಾರಿಯ ವಿಚಾರ. ಪೋತ್ತನೂರಿನಿಂದ ಕೊಯಮತ್ತೂರಿನ ಮೂಲಕ ಮೆಟ್ಟುಪಾಳ್ಯಕ್ಕೆ ರೈಲುಮಾರ್ಗವಾದುದು 1873ರಲ್ಲಿ. ಬೆಟ್ಟದ ರೈಲು ಇನ್ನೂ ಹುಟ್ಟದಿದ್ದ ಆ ಕಾಲದಲ್ಲಿ ಮೆಟ್ಟುಪಾಳ್ಯದಲ್ಲಿ ಇಳಿದವರು ಕುದುರೆ, ಗಾಡಿ, ಡೋಲಿಗಳಲ್ಲಿಯೋ ಕಾಲ್ನಡಿಗೆಯಲ್ಲಿಯೋ ಘಟ್ಟವನ್ನು ಏರುತ್ತಿದ್ದರು. ಬೆಟ್ಟಕ್ಕೆ ರೈಲು ಹಾಕಬೇಕೆಂಬ ಯೋಚನೆ 1854ರಷ್ಟು ಹಳೆಯದು. ಕೆಲಸ ಆರಂಭವಾದುದು 1891ರಲ್ಲಿ. ಕೂನೂರಿನವರೆಗೆ ರೈಲು ಓಡಿದುದು 1899ರಲ್ಲಿ. ಉದಕಮಂಡಲವನ್ನು ಮುಟ್ಟಿದುದು 1908ರಲ್ಲಿ. ಒಟ್ಟು 46 ಕಿಲೋಮೀಟರಿನ ಈ ದಾರಿಯಲ್ಲಿ 16 ಸುರಂಗಗಳು, 208 ತಿರುವುಗಳು, ಸುಮಾರು 250 ಸೇತುವೆಗಳು ಇವೆ. 2005ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ರೈಲು ಬೆಟ್ಟವನ್ನು ಏರುವ ಬಗೆಯನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ನುಣುಪಾದ ಹಳಿಯ ಮೇಲೆ ನುಣುಪಾದ ಚಕ್ರವು ಕಡಿದಾದ ಏರಿನಲ್ಲಿ ಜಾರುತ್ತದೆ. ಕಲ್ಲಾರಿನಿಂದ ಕೂನೂರಿನವರೆಗೆ ಏರು ಎಷ್ಟು ಕಡಿದೆಂದರೆ, ಕೆಲವೆಡೆ 12 ಮೀಟರು ಮುಂದೆ ಸಾಗುವಷ್ಟರಲ್ಲಿ ಒಂದು ಮೀಟರು ಮೇಲೇರಬೇಕು. ಆದುದರಿಂದ ಎರಡು ಹಳಿಗಳ ನಡುವೆ ಹಲ್ಲುಗಳುಳ್ಳ ಎರಡು ಉಕ್ಕಿನ ಪಟ್ಟಿಗಳನ್ನು ಜೋಡಿಸಿದ್ದಾರೆ. ಎಂಜಿನ್ನಿನ ಹಲ್ಲುಚಕ್ರವು ಆ ಹಲ್ಲುಗಳನ್ನು ಕಚ್ಚಿಕೊಂಡು ಏರುತ್ತದೆ. ಒಂದು ಪಟ್ಟಿಯ ಹಲ್ಲಿನ ಎದುರಿಗೆ ಇನ್ನೊಂದರ ಸಂದು ಬರುವಂತೆ ಇಟ್ಟಿರುವುದರಿಂದ ಚಕ್ರದ ಹಿಡಿತವು ಯಾವ ಗಳಿಗೆಯಲ್ಲಿಯೂ ತಪ್ಪದು. ಇದನ್ನು ಕಂಡುಹಿಡಿದವನು ಸ್ವಿಟ್ಜರ್ಲೆಂಡಿನ ಆಬ್ಟ್ ಎಂಬ ಎಂಜಿನಿಯರು. ಎಂಜಿನ್ನು ಗಾಡಿಗಳನ್ನು ಮುಂದಿನಿಂದ ಎಳೆಯದೆ ಕೆಳಗಿನಿಂದ ತಳ್ಳುವುದು ಇನ್ನೊಂದು ವಿಶೇಷ. ಗಾಡಿಗಳು ಹಿಂದಕ್ಕೆ ಜಾರದಂತೆ ಅದು ಬೆನ್ನುಕೊಟ್ಟು ನಿಂತಿರುತ್ತದೆ. ಮೆಟ್ಟುಪಾಳ್ಯದ 326 ಮೀಟರಿನಿಂದ ಉದಕಮಂಡಲದ 2203 ಮೀಟರಿಗೆ ಏರಲು ಅದಕ್ಕೆ ಸುಮಾರು ಐದು ಗಂಟೆ ಬೇಕು. ಬೆಟ್ಟವನ್ನು ನೋಡಲು ಬಂದವರಿಗೆ ಈ ನಿಧಾನವೇ ಲಾಭ. ಅಡಕೆ ತೋಟ ಕಳೆದು ಕಾಡು, ಕಾಡು ಕಳೆದು ಚಹದ ತೋಟ, ಹೀಗೆ ಎತ್ತರದೊಡನೆ ಸಸ್ಯಗಳು ಬದಲಾಗುವುದನ್ನು ಕಿಟಕಿಯಲ್ಲಿಯೇ ಕಲಿಯಬಹುದು.

ಈ ರೈಲಿನಲ್ಲಿ ಸ್ಥಳವನ್ನು ಬಹಳ ಮುಂಚಿತವಾಗಿ ಕಾದಿರಿಸಬೇಕು. ಸ್ಥಳ ದೊರೆಯದವರು ಮೆಟ್ಟುಪಾಳ್ಯದಿಂದ ಸರಕಾರಿ ಬಸ್ಸಿನಲ್ಲಿ ಕೂನೂರಿಗೆ ಹೋಗಿ, ಅಲ್ಲಿಂದ ಉದಕಮಂಡಲಕ್ಕೆ 19 ಕಿಲೋಮೀಟರು ರೈಲಿನಲ್ಲಿ ಹೋಗಬಹುದು. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಹಿಂಗಾರು ಮಳೆಯಲ್ಲಿ ಮಣ್ಣು ಕುಸಿದು ರೈಲು ನಿಲ್ಲುವುದುಂಟು. ಹೊರಡುವ ಮುನ್ನ ವಿಚಾರಿಸತಕ್ಕದ್ದು. ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸುವ ಮಕ್ಕಳಿಗೆ ಬೆಳಿಗ್ಗೆ ಹಗುರವಾದ ಆಹಾರವೇ ಲೇಸು.

ನಡೆಯುವುದು ಎಲ್ಲಿ? ಮೂರು ನಡಿಗೆಗಳನ್ನು ಸೂಚಿಸುತ್ತೇವೆ. ಮೊದಲನೆಯದು ಕೂನೂರಿನದು. ಪೇಟೆಯಿಂದ ಸುಮಾರು 12 ಕಿಲೋಮೀಟರು ದೂರದ ಡಾಲ್ಫಿನ್ಸ್ ನೋಸ್ ಎಂಬ ಬಂಡೆಯವರೆಗೆ ಬಸ್ಸಿನಲ್ಲಿ ಹೋಗಿ, ಆಳವಾದ ಕಣಿವೆಯಾಚೆ ಕೋತಗಿರಿಯ ಕಡೆಯಿಂದ ಧುಮುಕುವ ಕ್ಯಾಥರೀನ್ ಜಲಪಾತವನ್ನು ನೋಡಿ, ಚಹದ ತೋಟಗಳ ನಡುವಿನ ರಸ್ತೆಯಲ್ಲಿ ಹಿಂದಕ್ಕೆ ನಡೆಯುವುದು. ದಾರಿಯಲ್ಲಿ ಸಿಗುವ ಲ್ಯಾಂಬ್ಸ್ ರಾಕ್ ಎಂಬ ಬಂಡೆಯಿಂದ ನಮ್ಮ ಕೊಯಮತ್ತೂರಿನ ಬಯಲು ಕಾಲ ಕೆಳಗೆ ಹಾಸಿದಂತೆ ಕಾಣುತ್ತದೆ. ದಣಿದವರು ಹಿಂದಿರುಗುವ ಬಸ್ಸನ್ನು ದಾರಿಯಲ್ಲಿಯೇ ಹತ್ತಬಹುದು.

ಎರಡನೆಯದು ದೊಡ್ಡಬೆಟ್ಟ. ಉದಕಮಂಡಲದಿಂದ ಕೋತಗಿರಿಗೆ ಹೋಗುವ ಬಸ್ಸಿನಲ್ಲಿ ಕುಳಿತು ದೊಡ್ಡಬೆಟ್ಟದ ಕೂಡುರಸ್ತೆಯಲ್ಲಿ ಇಳಿದರೆ, ಶಿಖರಕ್ಕೆ ಸುಮಾರು ಮೂರು ಕಿಲೋಮೀಟರಿನ ಏರುದಾರಿ. ಇಕ್ಕೆಲದಲ್ಲಿಯೂ ಕಾಡಿರುವುದರಿಂದ ರಸ್ತೆಯನ್ನು ಬಿಟ್ಟು ಸರಿಯಬಾರದು. ಎತ್ತರವು ಸಾವಿರ ಮೀಟರು ಹೆಚ್ಚಿದಂತೆ ಗಾಳಿಯು ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆಂದು ಪಾಠದಲ್ಲಿ ಓದಿದ್ದೀರಿ. ಮೆಟ್ಟುಪಾಳ್ಯಕ್ಕಿಂತ ಇಲ್ಲಿ 2311 ಮೀಟರು ಹೆಚ್ಚು ಎತ್ತರ. ಎಂದರೆ ಸುಮಾರು 15 ಡಿಗ್ರಿ ಕಡಮೆ. ಬಯಲಿನಲ್ಲಿ ಬೆವರುತ್ತ ಹೊರಟವರಿಗೂ ಕಂಬಳಿಯ ಅಂಗಿ ಏಕೆ ಬೇಕೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಮೂರನೆಯದು ಕೋತಗಿರಿಯ ಬಳಿಯ ಕನ್ನೇರಿಮುಕ್ಕು. 1819ರಲ್ಲಿ ನಮ್ಮ ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲಿವನ್ನನು ಬೆಟ್ಟವನ್ನೇರಿ ಬಂದು ಬಿಡಾರ ಹೂಡಿದ್ದು ಇಲ್ಲಿಯೇ. ಅವನ ಹೆಸರಿನ ಸ್ಮಾರಕ ಭವನವಿದೆ. ಕೋತಗಿರಿಯ ಬಸ್ ನಿಲ್ದಾಣದಿಂದ ಅಲ್ಲಿಗೆ ಮಕ್ಕಳೂ ಸುಲಭವಾಗಿ ನಡೆಯಬಹುದು. ಅನಂತರ ಕೋತಗಿರಿಯಿಂದ ಬಸ್ಸಿನಲ್ಲಿ ನೇರವಾಗಿ ಮೆಟ್ಟುಪಾಳ್ಯಕ್ಕೆ ಇಳಿದರೆ, ಏರಿದ ದಾರಿ ಒಂದು, ಇಳಿದ ದಾರಿ ಇನ್ನೊಂದು. ದ್ವೀಪದ ಪೂರ್ವಭಾಗವನ್ನು ಒಂದು ಸುತ್ತು ಬಂದಂತಾಯಿತು. ಎರಡು ದಿನಗಳಿದ್ದರೆ ಈ ಮೂರನ್ನೂ ನೋಡಬಹುದು. ಒಂದೇ ದಿನವಿದ್ದವರು ಒಂದನ್ನು ಆರಿಸಿಕೊಳ್ಳುವುದು ವಿಹಿತ.

ನಡಿಗೆಗೆ ತಗಲುವ ಕಾಲವನ್ನು ಎಣಿಸಲು ಸ್ಕಾಟ್‌ಲೆಂಡಿನ ನೇಸ್ಮಿತ್ ಎಂಬ ಪರ್ವತಾರೋಹಿಯು 1892ರಲ್ಲಿ ಒಂದು ಸೂತ್ರವನ್ನು ಕೊಟ್ಟನು. ಐದು ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಆರು ಕಿಲೋಮೀಟರಿನ ದಾರಿಯಲ್ಲಿ 300 ಮೀಟರು ಏರಬೇಕಾದರೆ, 72 ನಿಮಿಷಕ್ಕೆ 30 ನಿಮಿಷ ಕೂಡಿ ಒಂದು ಗಂಟೆ 42 ನಿಮಿಷ. ಮಕ್ಕಳು ಜೊತೆಯಲ್ಲಿದ್ದರೆ ಅದರ ಅರ್ಧದಷ್ಟನ್ನು ಮತ್ತೆ ಸೇರಿಸಿ ಎರಡೂವರೆ ಗಂಟೆಯೆಂದು ಇಟ್ಟುಕೊಳ್ಳುವುದು ಕ್ಷೇಮ. ಕೊನೆಯ ಬಸ್ಸಿನ ವೇಳೆಯನ್ನು ಮೊದಲು ಕೇಳಿಕೊಂಡು, ಅದಕ್ಕಿಂತ ಒಂದು ಬಸ್ಸು ಮುಂಚೆಯೇ ಹಿಂದಿರುಗುವಂತೆ ಏರ್ಪಾಟು ಮಾಡಿಕೊಂಡವನು ಬೆಟ್ಟದಲ್ಲಿ ತೊಂದರೆಗೆ ಸಿಕ್ಕುವುದು ಅಪರೂಪ.

ಕೆಲವು ನಿಷೇಧಗಳನ್ನೂ ಹೇಳಬೇಕು. ರೈಲಿನ ಹಳಿಯ ಮೇಲೆ ನಡೆಯುವುದು ಪ್ರಾಣಾಪಾಯಕರ. 1989ರ ರೈಲ್ವೆ ಕಾನೂನಿನಂತೆ ಅಪರಾಧವೂ ಹೌದು. ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಾಡನ್ನು ಹೊಗಬಾರದು; ಕಲ್ಲಾರು, ಬರ್ಲಿಯಾರುಗಳ ಕಡೆ ಆನೆಗಳು ಸಂಚರಿಸುತ್ತವೆ, ಚಹದ ತೋಟಗಳಿಗೂ ಕಾಟಿಗಳು ಬರುತ್ತವೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನೀಲಗಿರಿ ಜಿಲ್ಲೆಯಲ್ಲಿ ಎಡೆಯಿಲ್ಲ. ನೀರಿಗೆ ಮನೆಯ ತಂಬಿಗೆಯೋ ಉಕ್ಕಿನ ಬಾಟಲಿಯೋ ಸಾಕು.

ಸಾರ್ವಜನಿಕ ವಾಹನದಿಂದ ಇನ್ನೊಂದು ಲಾಭವಿದೆ. ಬೆಟ್ಟದ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಜ್ಜಿಯು ಬಡಗರವಳಾಗಿರಬಹುದು. ಬಡಗರ ನುಡಿಯು ಕನ್ನಡಕ್ಕೆ ಅತಿ ಸಮೀಪವಾದುದು. ಅವರ ಊರುಗಳಿಗೆ ಹಟ್ಟಿಯೆಂದೇ ಹೆಸರು. ಕಿವಿಗೊಟ್ಟರೆ ನಮ್ಮ ಮನೆಯ ಮಾತುಗಳೇ ಬೇರೊಂದು ಧಾಟಿಯಲ್ಲಿ ಕೇಳಿಬರುತ್ತವೆ. ದೊಡ್ಡಬೆಟ್ಟ ಎಂಬ ಹೆಸರಿನ ಅರ್ಥವನ್ನು ನಮ್ಮ ಒಂದನೆಯ ತರಗತಿಯ ಮಗುವೂ ಹೇಳಬಲ್ಲುದು. ತಮಿಳುನಾಡಿನಲ್ಲಿದ್ದು ಕನ್ನಡ ಕಲಿಯುವ ನಮ್ಮ ಮಕ್ಕಳಿಗೆ ಇದಕ್ಕಿಂತ ಉತ್ತಮವಾದ ಭಾಷಾಪಾಠ ಯಾವುದು? ಗಾಜು ಏರಿಸಿದ ಕಾರಿನೊಳಗೆ ಈ ಪಾಠ ದೊರೆಯದು.

ಕೊನೆಯದಾಗಿ, ದ್ವೀಪದಲ್ಲಿ ಸ್ಥಳವು ಮಿತವಾದುದೆಂಬುದನ್ನು ಮರೆಯಲಾಗದು. ಕಡಲು ಉಬ್ಬಿದರೂ ಜನ ಹೆಚ್ಚಿದರೂ ದ್ವೀಪವು ದೊಡ್ಡದಾಗುವುದಿಲ್ಲ. ನೀಲಗಿರಿಯ ಇಕ್ಕಟ್ಟಾದ ರಸ್ತೆಗಳಲ್ಲಿ ವಾಹನಗಳ ದಟ್ಟಣೆಯು ಮಿತಿಮೀರಿದುದರಿಂದ, ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಈ-ಪಾಸಿನ ಕಟ್ಟಳೆ ಬಂದಿತು. 2025ರ ಬೇಸಿಗೆಯಲ್ಲಿ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂದು ಮಿತಿಯನ್ನೂ ಗೊತ್ತುಮಾಡಿದರು. ಸರಕಾರಿ ಬಸ್ಸಿಗೂ ರೈಲಿಗೂ ಈ ಮಿತಿಯನ್ನು ಹಾಕಲಿಲ್ಲ. ಐವತ್ತು ಮಂದಿ ಹತ್ತು ಹನ್ನೆರಡು ಕಾರುಗಳಲ್ಲಿ ಹೋದರೆ ಎಷ್ಟು ರಸ್ತೆ, ಎಷ್ಟು ಹೊಗೆ, ನಿಲ್ಲಿಸಲು ಎಷ್ಟು ನೆಲ! ಅದೇ ಐವತ್ತು ಮಂದಿಗೆ ಒಂದು ಬಸ್ಸು ಸಾಕು. ಕಾರಿಲ್ಲದವನು ಬೆಟ್ಟಕ್ಕೆ ಹೊರೆಯಾಗದೆ ಹೋಗಿ ಬರುತ್ತಾನೆ. ಇದು ನಾಚಿಕೆಪಡುವ ಸಂಗತಿಯೇನೂ ಅಲ್ಲ.

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಮ್ಮ ಮಕ್ಕಳು ಬಲ್ಲರು. ಅದರ ಕಲ್ಲನ್ನೂ ಮುಳ್ಳನ್ನೂ ಹತ್ತಿರದಿಂದ ಕಂಡಾಗಲೇ ಬೆಟ್ಟದ ಜ್ಞಾನ ಉಂಟಾಗುವುದು. ಹಿಂಗಾರು ಮಳೆ ಮುಗಿದು ಸಂಕ್ರಾಂತಿಯ ರಜೆ ಬಂದಾಗ, ತಂದೆತಾಯಂದಿರು ರೈಲು ಬಸ್ಸುಗಳ ವೇಳೆಯನ್ನು ವಿಚಾರಿಸಿಕೊಂಡು, ಬುತ್ತಿ ಕಟ್ಟಿಕೊಂಡು, ಮಕ್ಕಳ ಕೈಗೆ ಒಂದು ನಕ್ಷೆಯನ್ನು ಕೊಟ್ಟು ಹೊರಡಲಿ. ಇಳಿಯಬೇಕಾದ ನಿಲ್ದಾಣದ ಹೆಸರನ್ನೂ ಹಿಂದಿರುಗುವ ಬಸ್ಸಿನ ಹೊತ್ತನ್ನೂ ನೆನಪಿಡುವ ಹೊಣೆಯನ್ನು ಮಕ್ಕಳಿಗೇ ಒಪ್ಪಿಸಲಿ. ಅವರು ಅದನ್ನು ದೊಡ್ಡವರಿಗಿಂತ ಚೆನ್ನಾಗಿ ನಿರ್ವಹಿಸುವರೆಂಬುದರಲ್ಲಿ ನಮಗೆ ಸಂದೇಹವಿಲ್ಲ.