ಗಾಳಿ ನಿಂತರೆ ದೋಣಿ ಸಾಗುವುದು ಹೇಗೆ?

ಹೊಸಬಾಳೆ ಕಡೆಯಿಂದ ಸಿಗಂದೂರಿಗೆ ಹೋದವರು ಶರಾವತಿ ಹಿನ್ನೀರು ನೋಡಿದ್ದೀರಿ. 2025ರ ಜುಲೈನಲ್ಲಿ ಸೇತುವೆ ಆಗುವ ತನಕ ಲಾಂಚಿನಲ್ಲೇ ದಾಟುತ್ತಿದ್ದೆವು. ಅಂಥ ನೀರಿನ ನಡುವೆ ಎಂಜಿನ್ ಕೆಟ್ಟರೂ, ಹಾಯಿದೋಣಿಗೆ ಗಾಳಿ ನಿಂತರೂ ಪಾಡು ಒಂದೇ.

ಸಣ್ಣ ದೋಣಿ ಹತ್ತುವ ಮೊದಲು ಹುಟ್ಟು ಇದೆಯಾ ನೋಡಿ. ಎರಡು ಬೇಕು, ಒಂದೇ ಬದಿ ಹುಟ್ಟು ಹಾಕಿದರೆ ದೋಣಿ ತಿರುಗುತ್ತದೆ. ಎರಡು ದೋಣಿ ಸೇರಿಸಿ ಮೇಲೆ ಹಲಗೆ ಹಾಕಿದ ಜೋಡಿದೋಣಿಯಲ್ಲಿ ಕೂರುವ ಜಾಗ ಎತ್ತರ. ಗಿಡ್ಡ ಹುಟ್ಟು ನೀರಿಗೆ ಎಟುಕೋದಿಲ್ಲ, ಉದ್ದದ್ದೇ ಇರಲಿ. ಕೈಜಾರದಂತೆ ಅದನ್ನು ಹಗ್ಗದಿಂದ ಕಟ್ಟಿಡಿ.

ದಡದ ಹತ್ತಿರ ಬಿದಿರಿನ ಗಳ ನೆಲಕ್ಕೆ ಊರಿ ತಳ್ಳುವುದೇ ಸುಲಭ. ಆಳದಲ್ಲಿ ಗಳ ನಡೆಯೋಲ್ಲ. ಎದುರುಗಾಳಿ ಎದ್ದರೆ ಹುಟ್ಟು ಹಾಕಿ ಸುಸ್ತಾಗಬೇಡಿ, ಲಂಗರು ಬಿಟ್ಟು ನಿಲ್ಲಿ. ಲೈಫ್ ಜಾಕೆಟ್ ಇಲ್ಲದ ದೋಣಿಯನ್ನಂತೂ ಹತ್ತಲೇಬೇಡಿ, ಯಾರು ನಕ್ಕರೂ ಸರಿ.